ಟರ್ನ್‌ಟೇಬಲ್ ಬದಲಿಸಬೇಕೆ? ಕಲಬುರಗಿಯ ಮನೆಯಿಂದ ಒಂದು ಸಮಗ್ರ ಮಾರ್ಗದರ್ಶಿ

ಅಪ್ಪನ ಕಾಲದ ಒಂದು ಎಲ್‌ಪಿ ನಮ್ಮ ಮನೆಯಲ್ಲಿದೆ, ಭೀಮಸೇನ ಜೋಶಿಯವರದು. ವಿಲಂಬಿತದಲ್ಲಿ, ಅಂದರೆ ನಿಧಾನದ ಭಾಗದಲ್ಲಿ, ಎಲ್ಲವೂ ಚೆಂದ. ತಂಬೂರಿ ಕೋಣೆ ತುಂಬುತ್ತದೆ, ದನಿ ಎದುರಿಗೆ ಕೂತು ಹಾಡಿದ ಹಾಗೆ ಬರುತ್ತದೆ. ದ್ರುತಕ್ಕೆ, ಅಂದರೆ ವೇಗದ ಭಾಗಕ್ಕೆ, ಬಂದು ತಾನಗಳು (ವೇಗದ ಸ್ವರಗಳ ಸರಣಿ) ಓಡಲು ಶುರುವಾದರೆ ಮಾತ್ರ ದನಿ ಬಿರುಕು ಬಿಟ್ಟಂತೆ ಕೇಳುತ್ತಿತ್ತು. ರೆಕಾರ್ಡ್ ಸವೆದಿದೆ ಅಂದುಕೊಂಡೆ. ಆಮೇಲೆ ರೆಕಾರ್ಡ್ ಸುತ್ತಿಸುವ ಪ್ಲೇಯರ್ ಮೇಲೆ, ಅಂದರೆ ಟರ್ನ್‌ಟೇಬಲ್ ಮೇಲೆ, ಅನುಮಾನ ಬಂತು. ಹೊಸದಕ್ಕೆ ದುಡ್ಡು ಕೂಡಿಟ್ಟೆ. ಕೊನೆಗೆ ಅದನ್ನು ಸರಿ ಮಾಡಿದ್ದು ಒಂದು ಹೊಸ ಸೂಜಿ.

ಎರಡು ವರ್ಷದ ನಂತರ ನಾನು ಟರ್ನ್‌ಟೇಬಲ್ ಕೂಡ ಬದಲಿಸಿದೆ. ಅದಕ್ಕೆ ಬೇರೆ ಕಾರಣ ಇತ್ತು. ಈ ಎರಡು ಅನುಭವದಿಂದ ನಾನು ಕಲಿತದ್ದು ಕ್ರಮ. ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ಕೊಳ್ಳಬೇಕು ಅನ್ನುವುದು. ಕಲಬುರಗಿ, ಬೀದರ್, ಯಾದಗಿರಿ ಕಡೆ ಈ ಸಾಮಾನು ತೋರಿಸಿ, ಕೇಳಿಸಿ ಮಾರುವ ಅಂಗಡಿ ಸಿಗುವುದು ಕಷ್ಟ. ಬಹಳ ಮಂದಿ ಚಿತ್ರ ನೋಡಿ ಕೊರಿಯರ್‌ನಲ್ಲಿ ತರಿಸುತ್ತಾರೆ. ಆದ್ದರಿಂದ ಈ ಕ್ರಮ ನಮಗೆ ಜಾಸ್ತಿ ಬೇಕು.

ಮೊದಲ ಹೆಜ್ಜೆ: ತೊಂದರೆ ಎಲ್ಲಿದೆ ಅಂತ ಕಿವಿಯಿಂದ ಹುಡುಕಿ

ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಹಾಡನ್ನು ಫೋನಿನಿಂದ ಅದೇ ಆಂಪ್ಲಿಫೈಯರ್‌ಗೆ ಕೊಟ್ಟು ಕೇಳಿ. ಅಲ್ಲಿಯೂ ದನಿ ಮಂಕಾಗಿದ್ದರೆ ತೊಂದರೆ ಸ್ಪೀಕರ್ ಅಥವಾ ಆಂಪ್ಲಿಫೈಯರ್‌ನಲ್ಲಿದೆ. ಟರ್ನ್‌ಟೇಬಲ್‌ಗೆ ದುಡ್ಡು ಹಾಕಿ ಪ್ರಯೋಜನ ಇಲ್ಲ.

ಫೋನಿನಲ್ಲಿ ಚೆನ್ನಾಗಿದ್ದು ರೆಕಾರ್ಡ್‌ನಲ್ಲಿ ಮಾತ್ರ ಕೆಟ್ಟಿದ್ದರೆ ಮೂರು ಪರೀಕ್ಷೆ ಮಾಡಿ.

ಒಂದು, ವೇಗ. ತಂಬೂರಿ ಅಥವಾ ಹಾರ್ಮೋನಿಯಂನ ಉದ್ದ ಸ್ವರ ಇರುವ ರೆಕಾರ್ಡ್ ಹಾಕಿ. ಸ್ವರ ನೇರ ನಿಲ್ಲಬೇಕು. ತೊಟ್ಟಿಲಿನಲ್ಲಿ ಇಟ್ಟಂತೆ ಮೆಲ್ಲಗೆ ಮೇಲೆ ಕೆಳಗೆ ಆಡಿದರೆ ಮೋಟಾರ್, ಬೆಲ್ಟ್ ಅಥವಾ ಬೇರಿಂಗ್ ಸರಿ ಇಲ್ಲ. ರೆಕಾರ್ಡ್‌ನ ನಡುವಿನ ತೂತು ಪಕ್ಕಕ್ಕೆ ಸರಿದಿದ್ದರೂ ಹೀಗೇ ಆಗುತ್ತದೆ, ಆದ್ದರಿಂದ ಎರಡು ಮೂರು ರೆಕಾರ್ಡ್ ಹಾಕಿ ನೋಡಿ. ಆಮೇಲೆ ರೆಕಾರ್ಡ್ ಅಂಚಿಗೆ ಒಂದು ಕಾಗದದ ಚೂರು ಅಂಟಿಸಿ ಸುತ್ತು ಎಣಿಸಿ. ನಿಮಿಷಕ್ಕೆ 33⅓ ಅಂದರೆ ಮೂರು ನಿಮಿಷಕ್ಕೆ ಸರಿಯಾಗಿ 100 ಸುತ್ತು. ನೂರು ಸುತ್ತಿಗೆ ಮೂರು ನಿಮಿಷದ ಮೇಲೆ ಸುಮಾರು ಎರಡು ಸೆಕೆಂಡ್ ಹಿಡಿದರೆ ವೇಗ ನೂರಕ್ಕೆ ಒಂದರಷ್ಟು ಕಡಿಮೆ ಇದೆ ಅಂತ ಅರ್ಥ. ಸೂಜಿಯನ್ನು ರೆಕಾರ್ಡ್ ಮೇಲೆ ಇಳಿಸಿಯೇ ಎಣಿಸಿ.

ಎರಡು, ಗುಡುಗು. ಎರಡು ಹಾಡುಗಳ ನಡುವಿನ ಖಾಲಿ ಗೆರೆಯಲ್ಲಿ ವಾಲ್ಯೂಮ್ ಏರಿಸಿ. ದೂರದಲ್ಲಿ ಗಿರಣಿ ನಡೆದಂತೆ ಸದ್ದು ಬಂದರೆ ಅದು ಮೋಟಾರ್ ಅಥವಾ ಬೇರಿಂಗ್‌ನ ಸದ್ದು. ಒಂದೇ ಸ್ವರದ ಗುಂಯ್ ಅನ್ನುವ ಸದ್ದಾದರೆ ಅದು ಅರ್ಥಿಂಗ್ ತೊಂದರೆ, ಖರ್ಚಿಲ್ಲದೆ ಸರಿಹೋಗಬಹುದು.

ಮೂರು, ಕೊನೆಯ ಐದು ನಿಮಿಷ. ನನ್ನ ಮಟ್ಟಿಗೆ ಇದೇ ದೊಡ್ಡ ಪರೀಕ್ಷೆ. ರೆಕಾರ್ಡ್ ಸುತ್ತುವ ವೇಗ ಬದಲಾಗುವುದಿಲ್ಲ, ಆದರೆ ಸೂಜಿಯ ಕೆಳಗೆ ಗೆರೆ ಹರಿಯುವ ವೇಗ ಬದಲಾಗುತ್ತದೆ. ಹೊರ ಅಂಚಿನಲ್ಲಿ ಅದು ಸೆಕೆಂಡಿಗೆ ಸುಮಾರು 50 ಸೆಂ.ಮೀ. ಒಳಗೆ ಲೇಬಲ್ ಹತ್ತಿರ ಸುಮಾರು 21 ಸೆಂ.ಮೀ. ಅಂದರೆ ಒಂದು ಸೆಕೆಂಡಿನ ಹಾಡಿಗೆ ಒಳಗಡೆ ಸಿಗುವುದು ಅರ್ಧಕ್ಕಿಂತ ಕಡಿಮೆ ಜಾಗ. ಸಿನಿಮಾ ಹಾಡಿನ ರೆಕಾರ್ಡ್‌ಗೆ ಇದು ಅಷ್ಟಾಗಿ ಕಾಡುವುದಿಲ್ಲ, ಕೊನೆಗೆ ಒಂದು ಸಮಾಧಾನದ ಹಾಡು ಹಾಕಿದರೆ ಮುಗಿಯಿತು. ಹಿಂದೂಸ್ತಾನಿ ಗಾಯನದ ಖಯಾಲ್ ಹಾಗಲ್ಲ. ನಿಧಾನವಾಗಿ ಶುರುವಾಗಿ, ವೇಗದ ತಾನಗಳೆಲ್ಲ ಬರುವುದೇ ಕೊನೆಗೆ. ಎಲ್ಲಕ್ಕಿಂತ ಕಷ್ಟದ ಹಾಡು ಎಲ್ಲಕ್ಕಿಂತ ಇಕ್ಕಟ್ಟಿನ ಜಾಗದಲ್ಲಿ ಬಂದು ಬೀಳುತ್ತದೆ. ಖವ್ವಾಲಿಯೂ ಹಾಗೆಯೇ, ಚಪ್ಪಾಳೆ ಏರುವುದು ಕೊನೆಗೇ ಅಲ್ವಾ? ದುಂಡು ತುದಿಯ ಸೂಜಿ, ಸವೆದ ಸೂಜಿ, ಸೊಟ್ಟಗೆ ಕೂತ ಕಾರ್ಟ್ರಿಜ್ (ಸೂಜಿಯನ್ನು ಹಿಡಿದು ಅದರ ಅಲುಗಾಟವನ್ನು ಸಿಗ್ನಲ್ ಮಾಡುವ ಸಣ್ಣ ಭಾಗ), ಮೂರೂ ಅಲ್ಲಿ ಸಿಕ್ಕಿಬೀಳುತ್ತವೆ.

ಮೊದಲ ಎರಡು ಪರೀಕ್ಷೆಯಲ್ಲಿ ತಪ್ಪು ಸಿಕ್ಕರೆ ಟರ್ನ್‌ಟೇಬಲ್ ಕಡೆ ನೋಡಿ. ಮೂರನೆಯದರಲ್ಲಿ ಸಿಕ್ಕರೆ ಸೂಜಿ ಕಡೆ ನೋಡಿ.

ಎರಡನೇ ಹೆಜ್ಜೆ: ಕೆಳಗೊಂದು ಶಹಾಬಾದ್ ಕಲ್ಲು

ಸೂಜಿ ಕೂದಲೆಳೆಗಿಂತ ಸಣ್ಣ ಅಲುಗಾಟವನ್ನು ಓದುವ ಸಾಮಾನು. ನೀವು ನಡೆದದ್ದನ್ನೂ ಅದು ಓದುತ್ತದೆ. ಪ್ಲೇಯರ್ ಆಫ್ ಇರುವಾಗ ಸೂಜಿಯನ್ನು ನಿಂತ ರೆಕಾರ್ಡ್ ಮೇಲೆ ಇಳಿಸಿ. ವಾಲ್ಯೂಮ್ ಸ್ವಲ್ಪ ಏರಿಸಿ, ಟೇಬಲ್ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿ. ಸ್ಪೀಕರ್‌ನಲ್ಲಿ ಧಡ್ ಅಂದರೆ, ಹಾಡು ನಡೆಯುವಾಗ ಸ್ಪೀಕರ್‌ನ ಅದುರುವಿಕೆಯೂ ಅದೇ ದಾರಿಯಲ್ಲಿ ಸೂಜಿಗೆ ವಾಪಸ್ ಬರುತ್ತಿದೆ.

ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಮದ್ದಿದೆ. ಒಂದೂವರೆ ಇಂಚು ದಪ್ಪದ ಶಹಾಬಾದ್ ಕಲ್ಲು. ನಾನು 18 ಇಂಚು ಉದ್ದ, 15 ಇಂಚು ಅಗಲದ ತುಂಡು ಕೇಳಲು ಹೋದಾಗ ಕಲ್ಲಿನ ಅಂಗಡಿಯವರು, "ಇಷ್ಟ ಸಣ್ಣ ತುಂಡು ಯಾತಕ್ಕ್ರಿ ಸರ?" ಅಂತ ಕೇಳಿದರು. ಹಾಡಿನ ಪೆಟ್ಟಿಗೆ ಇಡಲಿಕ್ಕೆ ಅಂದೆ. ಬಳಿಕ ಅವರೇ ಮುತುವರ್ಜಿಯಿಂದ ಅಂಚು ಉಜ್ಜಿ ಕೊಟ್ಟರು. ಆ ಅಳತೆಯ ಕಲ್ಲು ಸುಮಾರು 17 ಕೆ.ಜಿ. ತೂಗುತ್ತದೆ. ಕಲ್ಲು ತಟ್ಟಿದರೆ ನಾದ ಕೊಡುವ ಸಾಮಾನು, ಆದ್ದರಿಂದ ನೇರ ಇಡಬೇಡಿ. ಕೆಳಗೆ ನಾಲ್ಕು ಮೂಲೆಗೆ ದಪ್ಪ ರಬ್ಬರ್ ತುಂಡು ಕೊಡಿ. ಗಟ್ಟಿ ಟೇಬಲ್ ಇರಲಿ. ತೆಳು ಪ್ಲೈವುಡ್ ಸ್ಟ್ಯಾಂಡ್ ಮೇಲೆ ಈ ಭಾರ ಹೇರಿದರೆ ಅದು ಇನ್ನೂ ಜಾಸ್ತಿ ತೂಗಾಡುತ್ತದೆ.

ಹಳೆ ಮನೆಗಳಲ್ಲಿ ಗೋಡೆಯೊಳಗೆ ಕಟ್ಟಿದ ಕಲ್ಲಿನ ಹಲಗೆ ಇರುತ್ತದಲ್ಲ, ಪ್ಲೇಯರ್ ಇಡಲು ಅದಕ್ಕಿಂತ ಒಳ್ಳೆ ಜಾಗ ನಾನು ಕಂಡಿಲ್ಲ. ನಡೆದರೂ ಅಲುಗುವುದಿಲ್ಲ.

ಮೂರನೇ ಹೆಜ್ಜೆ: ಸೂಜಿ ಮತ್ತು ಕಾರ್ಟ್ರಿಜ್

ಮೊದಲು ನಿಮ್ಮ ಪ್ಲೇಯರ್ ಯಾವ ಜಾತಿಯದು ನೋಡಿ. ಸೂಟ್‌ಕೇಸ್ ಮಾದರಿಯ ಪ್ಲೇಯರ್‌ಗಳಲ್ಲಿ ಸಾಮಾನ್ಯವಾಗಿ ಸೆರಾಮಿಕ್ ಕಾರ್ಟ್ರಿಜ್ ಇರುತ್ತದೆ. ಅದು ರೆಕಾರ್ಡ್ ಮೇಲೆ 5 ಗ್ರಾಂ ಆಸುಪಾಸಿನ ಭಾರ ಹಾಕುತ್ತದೆ. ಒಳ್ಳೆಯ ಮ್ಯಾಗ್ನೆಟಿಕ್ ಕಾರ್ಟ್ರಿಜ್‌ಗೆ ಬೇಕಾದದ್ದು 2 ಗ್ರಾಂ ಸುತ್ತಮುತ್ತ. ಅಂಥ ಪ್ಲೇಯರ್‌ಗೆ ಸೂಜಿ ಬದಲಿಸುತ್ತ ಕೂರಬೇಡಿ, ನೇರ ಹೊಸ ಟರ್ನ್‌ಟೇಬಲ್ ಕೊಳ್ಳಿ. ಮನೆಯಲ್ಲಿ ಎಚ್‌ಎಂವಿ ಫಿಯೆಸ್ಟಾದಂಥ ಹಳೆ ಪೆಟ್ಟಿಗೆ ಇದ್ದರೆ ಜೋಪಾನವಾಗಿ ಇಟ್ಟುಕೊಳ್ಳಿ, ಒಳ್ಳೆ ಎಲ್‌ಪಿಗಳನ್ನು ಮಾತ್ರ ಅದಕ್ಕೆ ಕೊಡಬೇಡಿ.

ಆಡಿಯೋ ಟೆಕ್ನಿಕಾ ಎಲ್‌ಪಿ60ಎಕ್ಸ್‌ನಂಥ ಆಟೋಮ್ಯಾಟಿಕ್ ಪ್ಲೇಯರ್‌ನಲ್ಲಿ ಸೂಜಿ ಬದಲಿಸಬಹುದು, ಕಾರ್ಟ್ರಿಜ್ ಬದಲಿಸಲು ಆಗುವುದಿಲ್ಲ. ಭಾರ ಹೊಂದಿಸುವ ತೂಕದ ಗುಂಡೂ ಅದಕ್ಕಿಲ್ಲ. ಅದರ ಬೆಳವಣಿಗೆ ಅಲ್ಲಿಗೇ ನಿಂತಿತು. ಗುಂಡು ಇರುವ, ಕಾರ್ಟ್ರಿಜ್ ಬಿಚ್ಚಬಹುದಾದ ಪ್ಲೇಯರ್ ನಿಮ್ಮದಾದರೆ ಅದೃಷ್ಟ ಚೆನ್ನಾಗಿದೆ.

ಸೂಜಿಯ ತುದಿ ಮುಖ್ಯವಾಗಿ ಮೂರು ಬಗೆ. ದುಂಡನೆಯದು, ಅಂಡಾಕಾರದ್ದು, ಮತ್ತು ಗೆರೆಯ ಗೋಡೆಗೆ ಉದ್ದಕ್ಕೆ ತಾಗುವ ಮೈಕ್ರೋಲೀನಿಯರ್, ಶಿಬಾಟಾ ಮಾದರಿಯವು. ಇಕ್ಕಟ್ಟಿನ ಒಳಗೆರೆಯಲ್ಲಿ ಮೂರನೇ ಬಗೆಯದು ಬಹಳ ಮೇಲು. ಆಡಿಯೋ ಟೆಕ್ನಿಕಾ ವಿಎಂ95 ಸರಣಿ ನನಗೆ ಹಿಡಿಸಿದ್ದು ಇದೇ ಕಾರಣಕ್ಕೆ. ಕಾರ್ಟ್ರಿಜ್‌ನ ಮೈ ಒಂದೇ, ಸೂಜಿ ಮಾತ್ರ ಎಳೆದು ತೆಗೆದು ಬೇರೆಯದು ಹಾಕಬಹುದು. ವಿಎಂ95ಇ ಅಂಡಾಕಾರದ ಸೂಜಿಯಿಂದ ಶುರು ಮಾಡಿ, ಮುಂದೆ ವಿಎಂ95ಎಂಎಲ್ ಅನ್ನುವ ಮೈಕ್ರೋಲೀನಿಯರ್ ಸೂಜಿಗೆ ಹೋಗಬಹುದು. ಆರ್ಟೋಫಾನ್ 2ಎಂ ರೆಡ್ ಇರುವವರು ಅದೇ ಮೈಗೆ 2ಎಂ ಬ್ಲೂ ಸೂಜಿ ಹಾಕಬಹುದು. ನನ್ನ ಎಲ್‌ಪಿಯ ದ್ರುತ ಸರಿಹೋದದ್ದು ಮೈಕ್ರೋಲೀನಿಯರ್ ಸೂಜಿಯಿಂದ. ತಾನದ ಒಂದೊಂದು ಸ್ವರ ಮಣಿ ಪೋಣಿಸಿದ ಹಾಗೆ ಬಿಡಿಬಿಡಿಯಾಗಿ ಬಂದಾಗ ನಾನು ಆ ಬದಿಯನ್ನು ಮೂರು ಸಲ ಹಾಕಿದೆ.

ಸೂಜಿಗೆ ಆಯುಸ್ಸಿದೆ. ಆಡಿಯೋ ಟೆಕ್ನಿಕಾ ಕಂಪನಿ ಅಂಡಾಕಾರದ್ದಕ್ಕೆ ಸುಮಾರು 300 ಗಂಟೆ, ಮೈಕ್ರೋಲೀನಿಯರ್‌ಗೆ 1000 ಗಂಟೆ ಹೇಳುತ್ತದೆ. ಒಂದು ಎಲ್‌ಪಿ ಎರಡೂ ಬದಿ ಸೇರಿ 40 ನಿಮಿಷ ಅಂದರೆ 300 ಗಂಟೆಗೆ 450 ಎಲ್‌ಪಿ. ದಿನಕ್ಕೊಂದು ಕೇಳುವವರಿಗೆ ಒಂದೂಕಾಲು ವರ್ಷ. ಸೂಜಿ ಹಾಕಿದ ತಾರೀಖನ್ನು ಪ್ಲೇಯರ್ ಅಡಿಯಲ್ಲಿ ಒಂದು ಚೀಟಿ ಬರೆದು ಅಂಟಿಸಿ. ಹಳೆಯದು ಕೊಂಡಾಗ ಸೂಜಿ ಎಷ್ಟು ಓಡಿದೆ ಗೊತ್ತಿಲ್ಲದಿದ್ದರೆ ಅದನ್ನು ಎಸೆಯಿರಿ. ಸವೆದ ಸೂಜಿ ರೆಕಾರ್ಡ್ ಕೆತ್ತುತ್ತದೆ, ಆ ಗಾಯ ಮತ್ತೆ ಮಾಯುವುದಿಲ್ಲ.

ಅಜ್ಜನ ಟ್ರಂಕಿನಲ್ಲಿ ಅರಗಿನ 78ರ ಪ್ಲೇಟುಗಳು (ನಿಮಿಷಕ್ಕೆ 78 ಸುತ್ತಿನ ಹಳೆ ರೆಕಾರ್ಡ್) ಇರುವವರಿಗೆ ಒಂದು ಮಾತು. ಅವುಗಳ ಗೆರೆ ಅಗಲ. ಎಲ್‌ಪಿ ಸೂಜಿ ಅದರ ತಳಕ್ಕೆ ಬಿದ್ದು ಕಸದಲ್ಲೇ ಉಜ್ಜುತ್ತದೆ. 78ಕ್ಕೆ ಸುಮಾರು 75 ಮೈಕ್ರಾನ್ ತುದಿಯ ಬೇರೆ ಸೂಜಿ ಬೇಕು. ವಿಎಂ95 ಸರಣಿಯಲ್ಲಿ ಎಸ್‌ಪಿ ಅನ್ನುವ ಸೂಜಿ ಇದಕ್ಕೇ ಇದೆ. ಆ ಪ್ಲೇಟುಗಳನ್ನು ಸ್ಪಿರಿಟ್‌ನಿಂದ ಎಂದೂ ಒರೆಸಬೇಡಿ, ಅರಗು ಕರಗುತ್ತದೆ.

ಫೋನೋ ಬಗ್ಗೆ ನಾಲ್ಕು ಮಾತು

ಕಾರ್ಟ್ರಿಜ್ ಕೊಡುವ ಸಿಗ್ನಲ್ ಕೆಲವು ಮಿಲಿವೋಲ್ಟ್ ಮಾತ್ರ. ಅದನ್ನು ಹಿಗ್ಗಿಸಿ, ಕೆತ್ತುವಾಗ ತಗ್ಗಿಸಿದ ಬಾಸ್ ಮತ್ತು ಏರಿಸಿದ ಟ್ರೆಬಲ್ ಎರಡನ್ನೂ ಮೊದಲಿನಂತೆ ಮಾಡುವುದು ಫೋನೋ ಪ್ರೀ ಆಂಪ್‌ನ ಕೆಲಸ. ಇದು ಟರ್ನ್‌ಟೇಬಲ್ ಒಳಗೇ ಇರಬಹುದು, ಆಂಪ್ಲಿಫೈಯರ್‌ನಲ್ಲಿ ಫೋನೋ ಅಂತ ಬರೆದಿರಬಹುದು, ಬೇರೆ ಡಬ್ಬಿಯೂ ಆಗಿರಬಹುದು. ಮೂರರಲ್ಲಿ ಒಂದನ್ನೇ ಬಳಸಿ. ಎರಡು ಸೇರಿದರೆ ದನಿ ಒಡೆದು ಚಿಂದಿಯಾಗುತ್ತದೆ. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ಗೆ (ವಿಎಂ95, 2ಎಂ ರೆಡ್ ಈ ಜಾತಿ) 47 ಕಿಲೋ ಓಮ್, 40 ಡೆಸಿಬೆಲ್ ಅಂತ ಇರುವುದು ಸಾಕು. ಟರ್ನ್‌ಟೇಬಲ್‌ನಿಂದ ಬರುವ ಸಣ್ಣ ಅರ್ಥ್ ವೈರನ್ನು ಆಂಪ್ಲಿಫೈಯರ್ ಹಿಂದಿನ ತಿರುಪಿಗೆ ಕಟ್ಟುವುದು ಮರೆಯಬೇಡಿ. ಆಗಲೂ ಗುಂಯ್ ಅಂದರೆ ಮನೆಯ ಪ್ಲಗ್‌ನಲ್ಲಿ ಅರ್ಥಿಂಗ್ ಇದೆಯೋ ಇಲ್ಲವೋ ಅಂತ ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ನಾಲ್ಕನೇ ಹೆಜ್ಜೆ: ಕರೆಂಟು

ನಾನು ಪೆಟ್ಟು ತಿಂದದ್ದು ಇಲ್ಲಿ. ದೊಡ್ಡ ಊರಿನ ವ್ಯಾಪಾರಿಯೊಬ್ಬರಿಂದ ಹಳೆಯ ಆಮದು ಟರ್ನ್‌ಟೇಬಲ್ ತರಿಸಿದೆ. ನೋಡಲು ಬಂಗಾರದಂತಿತ್ತು. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಕೂಡ ಜೊತೆಗೆ ಕೊಟ್ಟಿದ್ದರು. ಹಾಡು ಹಾಕಿದರೆ ಗಾಯಕರಿಗೆ ಜ್ವರ ಬಂದ ಹಾಗಿತ್ತು. ಹಾರ್ಮೋನಿಯಂ ತೆಗೆದು ನುಡಿಸಿ ನೋಡಿದೆ, ಸ್ವರ ಸುಮಾರು ಮೂರು ಮನೆ ಕೆಳಗೆ.

ಕಾರಣ ಸರಳ. ನಮ್ಮ ಕರೆಂಟು 230 ವೋಲ್ಟ್, 50 ಹರ್ಟ್ಜ್. ಅಮೆರಿಕದಲ್ಲಿ 60 ಹರ್ಟ್ಜ್. ಜಪಾನ್‌ನಲ್ಲಿ 100 ವೋಲ್ಟ್, ಪೂರ್ವಕ್ಕೆ 50 ಹರ್ಟ್ಜ್, ಪಶ್ಚಿಮಕ್ಕೆ 60. ಎಸಿ ಸಿಂಕ್ರೊನಸ್ ಮೋಟಾರ್ ಈ ಹರ್ಟ್ಜ್ ನೋಡಿಯೇ ಸುತ್ತುತ್ತದೆ. ಟ್ರಾನ್ಸ್‌ಫಾರ್ಮರ್ ವೋಲ್ಟ್ ಇಳಿಸುತ್ತದೆ, ಹರ್ಟ್ಜ್ ಬದಲಿಸುವುದಿಲ್ಲ. 60 ಹರ್ಟ್ಜ್‌ಗೆ ಮಾಡಿದ ಪುಲಿ (ಮೋಟಾರ್ ತುದಿಯ ಸಣ್ಣ ಗಾಲಿ) ಹಾಕಿದ ಪ್ಲೇಯರ್ ನಮ್ಮಲ್ಲಿ ಆರರಲ್ಲಿ ಒಂದು ಪಾಲು ನಿಧಾನ ಓಡುತ್ತದೆ. 33⅓ ಬದಲು 27.8 ಸುತ್ತು. ಹಳೆಯ ಆಮದು ಪ್ಲೇಯರ್ ಕೊಳ್ಳುವ ಮೊದಲು ಮೋಟಾರ್ ಯಾವುದು, ಪುಲಿ ಯಾವ ಹರ್ಟ್ಜ್‌ನದು ಅಂತ ಕೇಳಿ, ಅಡಿಯ ಲೇಬಲ್‌ನ ಫೋಟೋ ತರಿಸಿಕೊಳ್ಳಿ. ನೂರು ಸುತ್ತು ಎಣಿಸುವ ವಿಡಿಯೋ ಕೂಡ ಕೇಳಿ. ಕಳಿಸಲು ಒಪ್ಪದವರ ಹತ್ತಿರ ಕೊಳ್ಳಬೇಡಿ.

ಇನ್ವರ್ಟರ್ ಇನ್ನೊಂದು ವಿಷಯ. ಬೇಸಿಗೆಯಲ್ಲಿ ಕರೆಂಟು ಹೋಗುವುದು ಇದ್ದದ್ದೇ. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಎಸಿ ಮೋಟಾರ್ ಗುರುಗುಟ್ಟುತ್ತದೆ. ಪ್ಯೂರ್ ಸೈನ್ ವೇವ್ ಇನ್ವರ್ಟರ್ ಆದರೆ ತೊಂದರೆ ಇಲ್ಲ. ಅಡಾಪ್ಟರ್‌ನಿಂದ ನಡೆಯುವ ಡಿಸಿ ಮೋಟಾರ್ ಪ್ಲೇಯರ್‌ಗಳು ಇದನ್ನು ಚೆನ್ನಾಗಿ ತಡೆಯುತ್ತವೆ.

ಐದನೇ ಹೆಜ್ಜೆ: ಯಾವ ಟರ್ನ್‌ಟೇಬಲ್?

ಇಷ್ಟಾದ ಮೇಲೂ ವೇಗ ಅಲ್ಲಾಡುತ್ತಿದ್ದರೆ, ಗುಡುಗು ಹೋಗದಿದ್ದರೆ, ಅಥವಾ ಕಾರ್ಟ್ರಿಜ್ ಬದಲಿಸಲು ಬಾರದ ಪ್ಲೇಯರ್ ನಿಮ್ಮದಾದರೆ, ಈಗ ಹೊಸದಕ್ಕೆ ಸಮಯ ಬಂದಿದೆ.

ಬೆಲ್ಟ್ ಡ್ರೈವ್‌ನಲ್ಲಿ ಮೋಟಾರ್ ಪಕ್ಕಕ್ಕಿದ್ದು ರಬ್ಬರ್ ಬೆಲ್ಟ್ ಪ್ಲ್ಯಾಟರ್ ಅನ್ನು, ಅಂದರೆ ರೆಕಾರ್ಡ್ ಇಡುವ ತಟ್ಟೆಯನ್ನು, ಸುತ್ತಿಸುತ್ತದೆ. ಮೋಟಾರ್ ಅದುರುವುದನ್ನು ರಬ್ಬರ್ ನುಂಗುತ್ತದೆ. ರೇಗಾ ಪ್ಲಾನರ್ 1, 2, 3 ಮತ್ತು ಪ್ರೊಜೆಕ್ಟ್ ಡೆಬ್ಯೂ ಕಾರ್ಬನ್ ಇವೊ ಈ ಜಾತಿ. ರೇಗಾದ ಟೋನ್ ಆರ್ಮ್ (ಕಾರ್ಟ್ರಿಜ್ ಹಿಡಿದಿರುವ ಉದ್ದ ಕೈ) ಬಹಳ ಒಳ್ಳೆಯದು, ಕೊಡುವ ದುಡ್ಡು ಎಲ್ಲಿ ಹೋಯಿತು ಅಂತ ಕಿವಿಗೆ ಗೊತ್ತಾಗುತ್ತದೆ. ಒಂದು ಕಿರಿಕಿರಿ ಇದೆ. ಈ ಮೂರು ಪ್ಲಾನರ್‌ಗಳಲ್ಲಿ 33ರಿಂದ 45ಕ್ಕೆ ಹೋಗಲು ಪ್ಲ್ಯಾಟರ್ ಎತ್ತಿ ಬೆಲ್ಟ್ ಕೈಯಿಂದ ಸರಿಸಬೇಕು. ಇವೊದಲ್ಲಿ ಸ್ವಿಚ್ ಒತ್ತಿದರೆ ಸಾಕು.

ಡೈರೆಕ್ಟ್ ಡ್ರೈವ್‌ನಲ್ಲಿ ಪ್ಲ್ಯಾಟರ್ ಕೂತಿರುವುದೇ ಮೋಟಾರ್ ಮೇಲೆ. ಬೆಲ್ಟ್ ಇಲ್ಲ. ಟೆಕ್ನಿಕ್ಸ್ ಎಸ್‌ಎಲ್ 1200 ಬಂದದ್ದು 1972ರಲ್ಲಿ. 2010ರಲ್ಲಿ ತಯಾರಿಕೆ ನಿಂತು, ಕೇಳುಗರ ಒತ್ತಾಯಕ್ಕೆ 2016ರಲ್ಲಿ ಹೊಸ ರೂಪದಲ್ಲಿ ಮರಳಿ ಬಂತು. ಮನೆಯಲ್ಲಿ ಕೇಳುವವರಿಗೆ ಅದೇ ಮನೆತನದ ಎಸ್‌ಎಲ್ 1500ಸಿ ಇದೆ, ಫೋನೋ ಒಳಗೇ ಇದೆ. ಕಡಿಮೆ ಬೆಲೆಗೆ ಆಡಿಯೋ ಟೆಕ್ನಿಕಾ ಎಲ್‌ಪಿ120ಎಕ್ಸ್. ಇದರಲ್ಲಿ 33, 45, 78 ಮೂರೂ ವೇಗ ಇವೆ. ಹೆಡ್‌ಶೆಲ್, ಅಂದರೆ ಕಾರ್ಟ್ರಿಜ್ ಕೂರುವ ಟೋನ್ ಆರ್ಮ್‌ನ ತುದಿ, ತಿರುಗಿಸಿ ತೆಗೆಯಬಹುದು. ಎಲ್‌ಪಿಗೊಂದು, 78ಕ್ಕೊಂದು ಕಾರ್ಟ್ರಿಜ್ ಎರಡು ಹೆಡ್‌ಶೆಲ್‌ನಲ್ಲಿ ಸಿದ್ಧ ಇಟ್ಟುಕೊಂಡರೆ ಬದಲಿಸಲು ಒಂದು ನಿಮಿಷ ಸಾಕು. ಪ್ರತಿ ಸಲ ತೂಕ ಮಾತ್ರ ಹೊಂದಿಸಬೇಕು.

ನನ್ನ ಅಭಿಪ್ರಾಯ ನೇರ ಹೇಳುತ್ತೇನೆ. ಮನೆಯಲ್ಲಿ 78ರ ಪ್ಲೇಟು ಇದ್ದರೆ ಅಥವಾ ಶಾಸ್ತ್ರೀಯ ಸಂಗೀತವೇ ಜಾಸ್ತಿ ಇದ್ದರೆ ಡೈರೆಕ್ಟ್ ಡ್ರೈವ್ ತೆಗೆದುಕೊಳ್ಳಿ. ತಂಬೂರಿಯ ಸ್ವರ ಕಂಬದಂತೆ ನಿಲ್ಲುತ್ತದೆ. ನಮ್ಮ ಸೆಖೆಗೆ ರಬ್ಬರ್ ಬೆಲ್ಟ್ ಬೇಗ ಸಡಿಲವಾಗುವ ಚಿಂತೆಯೂ ಇಲ್ಲ. ಬರೀ ಎಲ್‌ಪಿ ಕೇಳುವವರು, ಶಾಂತವಾದ ಕೋಣೆ ಇರುವವರು ರೇಗಾ ಕೊಂಡರೆ ತಪ್ಪಿಲ್ಲ. ಒಂದು ಹೆಚ್ಚುವರಿ ಬೆಲ್ಟ್ ಮೊದಲೇ ತರಿಸಿ ಇಟ್ಟುಕೊಳ್ಳಿ. ನಾನು ಆರಿಸಿದ್ದು ಡೈರೆಕ್ಟ್ ಡ್ರೈವ್.

ಬ್ಲೂಟೂತ್, ಯುಎಸ್‌ಬಿ ನೋಡಿ ಆರಿಸಬೇಡಿ. ನೋಡಬೇಕಾದದ್ದು ಬೇರಿಂಗ್, ಟೋನ್ ಆರ್ಮ್, ಭಾರದ ಪ್ಲ್ಯಾಟರ್, ಹೊಂದಿಸಬಹುದಾದ ತೂಕದ ಗುಂಡು, ಆಂಟಿ ಸ್ಕೇಟ್ (ಟೋನ್ ಆರ್ಮ್ ಒಳಗಡೆಗೆ ಎಳೆಯುವುದನ್ನು ತಡೆಯುವ ವ್ಯವಸ್ಥೆ). ಕೈಗೆ ಸಿಕ್ಕರೆ ಟೋನ್ ಆರ್ಮ್ ಬುಡವನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿ. ಲಡಲಡ ಅಂದರೆ ಬಿಟ್ಟುಬಿಡಿ.

ದುಡ್ಡು ಪೂರ್ತಿ ಟರ್ನ್‌ಟೇಬಲ್‌ಗೇ ಹಾಕಬೇಡಿ. ಕೈಯಲ್ಲಿ 45 ಸಾವಿರ ಇದೆ ಅಂದುಕೊಳ್ಳಿ. 30ರ ಒಳಗೆ ಟರ್ನ್‌ಟೇಬಲ್ ನೋಡಿ. ಉಳಿದದ್ದು ಸೂಜಿ, ಫೋನೋ, ಸಣ್ಣ ಡಿಜಿಟಲ್ ತೂಕದ ಯಂತ್ರ, ಕಾರ್ಬನ್ ಬ್ರಷ್‌ಗೆ ಇರಲಿ.

ಬಿಸಿಲು, ಧೂಳು, ಕೂಲರ್

ಮೇ ತಿಂಗಳಲ್ಲಿ ನಮ್ಮ ಕಡೆ 42, 43 ಡಿಗ್ರಿ ಸಾಮಾನ್ಯ. ಸೂಜಿ ಹಿಡಿದಿರುವ ಕಾರ್ಟ್ರಿಜ್‌ನ ರಬ್ಬರ್ ಸೆಖೆಗೆ ಮೆತ್ತಗಾಗುತ್ತದೆ, ದನಿಯೂ ಸ್ವಲ್ಪ ಬದಲಾಗುತ್ತದೆ. ಬೆಳಿಗ್ಗೆ ಅಥವಾ ರಾತ್ರಿ ಕೇಳಿ. ರೆಕಾರ್ಡ್‌ಗಳನ್ನು ನೆಟ್ಟಗೆ ನಿಲ್ಲಿಸಿಡಿ, ಬಿಸಿಲು ಬೀಳುವ ಗೋಡೆಗೆ ತಾಗಿಸಬೇಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಒಂದು ಗಂಟೆ ಬಿಟ್ಟರೂ ರೆಕಾರ್ಡ್ ಹಪ್ಪಳದಂತೆ ಡೊಂಕಾಗುತ್ತದೆ.

ಕೂಲರ್ ಗಾಳಿ ನೇರ ಪ್ಲೇಯರ್‌ಗೆ ಬೇಡ. ಅದರ ಮೋಟಾರ್ ಅದುರುವುದು ನೆಲದ ಮೂಲಕ ಬರುತ್ತದೆ, ಪಂಪು ಆನ್ ಆದಾಗ ಸ್ಪೀಕರ್‌ನಲ್ಲಿ ಟಕ್ ಅನ್ನುವುದೂ ಉಂಟು. ಬೇರೆ ಪ್ಲಗ್‌ಗೆ ಹಾಕಿ. ತೊಗರಿ ರಾಶಿಯ ದಿನಗಳಲ್ಲಿ ಊರೆಲ್ಲ ಧೂಳು, ಮುಚ್ಚಳ ಇಲ್ಲದ ಟರ್ನ್‌ಟೇಬಲ್ ಕೊಳ್ಳಲೇಬೇಡಿ. ಎಲ್‌ಪಿ ತೊಳೆಯಲು ಬೋರ್‌ವೆಲ್ ನೀರು ಬಳಸಿದರೆ ಸುಣ್ಣದ ಕಲೆ ಗೆರೆಯಲ್ಲಿ ಉಳಿಯುತ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಡಬ್ಬಿ ಓದಿ ತನ್ನಿ, ಪಕ್ಕದಲ್ಲೇ ಆಸಿಡ್ ಡಬ್ಬಿಯೂ ಇರುತ್ತದೆ.

ಬಂದ ದಿನ ಕೂಡಿಸುವುದು

ಪೆಟ್ಟಿಗೆ ಬಿಚ್ಚುವಾಗ ವಿಡಿಯೋ ಮಾಡಿ. ಥರ್ಮಾಕೋಲ್, ರಟ್ಟು ಯಾವುದನ್ನೂ ಎಸೆಯಬೇಡಿ, ವಾಪಸ್ ಕಳಿಸಬೇಕಾದರೆ ಅದೇ ಬೇಕು.

ಮೊದಲು ಸ್ಪಿರಿಟ್ ಲೆವೆಲ್ ಇಟ್ಟು ಸಮ ಮಾಡಿ. ಆಂಟಿ ಸ್ಕೇಟ್ ಸೊನ್ನೆಗೆ ಇಡಿ. ಗುಂಡು ತಿರುಗಿಸಿ ಟೋನ್ ಆರ್ಮ್ ಗಾಳಿಯಲ್ಲಿ ತಕ್ಕಡಿಯಂತೆ ನೇರ ತೇಲುವ ಹಾಗೆ ಮಾಡಿ. ಅಲ್ಲಿ ಗುಂಡಿನ ಅಂಕಿ ಸೊನ್ನೆಗೆ ತಂದು, ಆಮೇಲೆ ಕಾರ್ಟ್ರಿಜ್ ಹೇಳಿದ ಭಾರ ಕೊಡಿ. ವಿಎಂ95ಇಗೆ 2 ಗ್ರಾಂ, 2ಎಂ ರೆಡ್‌ಗೆ 1.8 ಗ್ರಾಂ. ಡಿಜಿಟಲ್ ತೂಕದಲ್ಲಿ ಒಮ್ಮೆ ನೋಡಿ. ಭಾರ ಕಡಿಮೆ ಮಾಡಿದರೆ ರೆಕಾರ್ಡ್‌ಗೆ ಒಳ್ಳೆಯದು ಅಂತ ಬಹಳ ಮಂದಿ ತಿಳಿದಿದ್ದಾರೆ. ಹಾಗಾಗುವುದಿಲ್ಲ. ಭಾರ ಸಾಲದೆ ಸೂಜಿ ಗೆರೆಯೊಳಗೆ ಕುಪ್ಪಳಿಸಿದರೆ ಗೋಡೆ ಹಾಳಾಗುತ್ತದೆ.

ನಂತರ ಕಾರ್ಟ್ರಿಜ್‌ನ ನೇರ. ಇದಕ್ಕೆ ಪ್ರೊಟ್ರಾಕ್ಟರ್ ಅನ್ನುವ ಕಾಗದದ ಅಳತೆ ಬೇಕು. ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸುವಾಗ ನೂರಕ್ಕೆ ನೂರು ಅಳತೆಯಲ್ಲೇ ತೆಗೆಯಲು ಹೇಳಿ, ಮನೆಗೆ ಬಂದು ಸ್ಕೇಲ್ ಇಟ್ಟು ನೋಡಿ. ಪುಟಕ್ಕೆ ಹೊಂದಿಸಿ ಕುಗ್ಗಿಸಿಬಿಟ್ಟರೆ ಇಡೀ ಕೆಲಸ ವ್ಯರ್ಥ. ಆ ಕಾಗದದ ಎರಡು ಬಿಂದುಗಳಲ್ಲೂ ಸೂಜಿ ಇಟ್ಟಾಗ ಕಾರ್ಟ್ರಿಜ್ ಅಲ್ಲಿ ಎಳೆದ ಗೆರೆಗೆ ನೇರ ಕೂರಬೇಕು. ಮೊದಲ ಸಲ ನನಗೆ ಒಂದು ಇಡೀ ಸಂಜೆ ಹಿಡಿಯಿತು. ಕಾರ್ಟ್ರಿಜ್ ಸರಿದಾಗ ಭಾರವೂ ಬದಲಾಗುತ್ತದೆ, ಆದ್ದರಿಂದ ತೂಕ ಮತ್ತೆ ನೋಡಿ. ಕೊನೆಗೆ ಆಂಟಿ ಸ್ಕೇಟ್ ಅನ್ನು ಭಾರದ ಅಂಕಿಗೆ ಸರಿಯಾಗಿ ಇಡಿ.

ಈಗ ನೂರು ಸುತ್ತು ಎಣಿಸಿ. ಆಮೇಲೆ ಮೊದಲ ಹೆಜ್ಜೆಯಲ್ಲಿ ಕೇಳಿದ ಅದೇ ರೆಕಾರ್ಡ್ ಹಾಕಿ, ಅದೇ ಬದಿ, ಕೊನೆಯ ಐದು ನಿಮಿಷ. ಹಳೆಯ ಪ್ಲೇಯರ್ ಅನ್ನು ಒಂದು ತಿಂಗಳು ಮಾರಬೇಡಿ. ಎರಡನ್ನೂ ಅದೇ ಕಲ್ಲಿನ ಮೇಲೆ ಇಟ್ಟು, ಸಾಧ್ಯವಾದರೆ ಅದೇ ಕಾರ್ಟ್ರಿಜ್ ಹಾಕಿ, ಮನೆಯವರನ್ನು ಕೂರಿಸಿ, ಯಾವುದು ಹೊಸದು ಅಂತ ಹೇಳದೆ ಕೇಳಿಸಿ.